ಗೊಂಬೆಗೊಂದು ಪರಕಾರ, ಪೋಲಕ

ಬೇಸಿಗೆ ರಜೆ ಬಂತೆಂದರೆ ಎಲ್ಲ ಮನೆಗಳಲ್ಲೂ ಒಂದೇ ರಾಗ: ‘ಮಮ್ಮಿ, ಬ್ಯಾಸರ ಆಗ್ಯಾದ!’ ನಮ್ಮ ಜೇವರ್ಗಿ ಬಿಸಿಲಿನಲ್ಲಿ ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡುವ ಹಾಗೂ ಇಲ್ಲ. ಕಳೆದ ರಜೆಯಲ್ಲಿ ಏಳು ವರ್ಷದ ಮಗಳು ಗೊಂಬೆ ಹಿಡಿದು ಬಂದು ಪಕ್ಕದಲ್ಲಿ ಕೂತಳು. ‘ಇದಕ್ಕ ಒಂದೇ ಫ್ರಾಕ್ ಅದ. ನಿನಗ ಹೊಲಿಯಾಕ ಬರ್ತದಲ್ಲ, ಒಂದು ಹೊಲಿದು ಕೊಡು.’

ಆಳಂದದ ತವರಿನಲ್ಲಿದ್ದಾಗ ಆರು ತಿಂಗಳು ಟೇಲರಿಂಗ್ ಕ್ಲಾಸಿಗೆ ಹೋದವಳು ನಾನು. ಗೊಂಬೆ ಬಟ್ಟೆ ಯಾವ ಲೆಕ್ಕ ಅಂದುಕೊಂಡೆ. ಬೀರುವಿನಲ್ಲಿ ತೀರಿಕೊಂಡ ಅವ್ವನ ಇಳಕಲ್ ಸೀರೆಯ ತುಂಡೊಂದಿತ್ತು. ಅಕ್ಕತಂಗಿಯರು ಹಂಚಿಕೊಂಡಾಗ ನನ್ನ ಪಾಲಿಗೆ ಬಂದದ್ದು. ಅದನ್ನೇ ತೆಗೆದು, ಕಣ್ಣಳತೆಯಲ್ಲಿ ಕತ್ತರಿ ಆಡಿಸಿಬಿಟ್ಟೆ. ಹೊಲಿದಾದ ಮೇಲೆ ನೋಡಿದರೆ ಪೋಲಕದ ಹಿಂಭಾಗ ಕೂಡಲೇ ಇಲ್ಲ. ‘ಇರಲಿ ಬಿಡು ಮಮ್ಮಿ’ ಎಂದು ಮಗಳು ಎದ್ದು ಹೋದಳು. ಉಳಿದದ್ದು ಗೇಣುದ್ದದ ಒಂದೇ ತುಂಡು.

ಅದೇ ವಾರ ಅಫಜಲಪುರದಿಂದ ಅತ್ತೆ ಬಂದರು. ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ನನ್ನ ಪ್ರತಾಪ ನೋಡಿ, ‘ಯವ್ವಾ, ಅಳತಿ ಇಲ್ಲದ ಕತ್ತರಿ ಹಚ್ಚಿದೇನು? ತಪ್ಪು ಕಾಗದದಾಗ ಮಾಡಬೇಕು, ಅರಿವ್ಯಾಗ ಅಲ್ಲ’ ಅಂದರು.

ಎಷ್ಟು ನಿಜ! 36 ಇಂಚು ಎದೆಯಳತೆಯ ಕುಬಸದಲ್ಲಿ ಅರ್ಧ ಇಂಚು ಹೆಚ್ಚುಕಮ್ಮಿಯಾದರೆ ಹೇಗೋ ಹೊಂದಿಸಬಹುದು. ಗೊಂಬೆಯ ಎದೆಯೇ 5 ಇಂಚು. ಅಲ್ಲಿ ಅರ್ಧ ಇಂಚಿನ ತಪ್ಪು ಎಂದರೆ ನಮ್ಮ ಕುಬಸದಲ್ಲಿ ಮೂರೂವರೆ ಇಂಚಿನ ತಪ್ಪಿದ್ದ ಹಾಗೆ. ಅದಕ್ಕೇ ಪೇಪರ್ ಕಟಿಂಗ್ ಬೇಕು. ಅಮೆರಿಕದಲ್ಲಿ ಎಬೆನೆಜರ್ ಬಟರಿಕ್ ಎಂಬ ದರ್ಜಿ 1863ರಲ್ಲಿ ಬೇರೆ ಬೇರೆ ಅಳತೆಯ ಕಾಗದದ ಪ್ಯಾಟರ್ನ್‌ಗಳನ್ನು ಮಾರಲು ಶುರುಮಾಡಿದ. ಆ ಯೋಚನೆ ಕೊಟ್ಟವಳು ಅವನ ಹೆಂಡತಿ ಎಲೆನ್. ಪುಟ್ಟ ಮಗನ ಬಟ್ಟೆಗೆ ಸರಿಯಾದ ಅಳತೆಯ ನಮೂನೆಯೇ ಸಿಗುವುದಿಲ್ಲ ಎಂದು ಗಂಡನ ಮುಂದೆ ಗೊಣಗಿದ್ದಳಂತೆ!

ನಿಮಗೆ ಬೇಕಾದದ್ದು ಹಳೇ ಪೇಪರು, ಟೇಪು, ಪೆನ್ಸಿಲ್ಲು ಅಷ್ಟೇ. ಬಾರ್ಬಿಯಂಥ ಹನ್ನೊಂದೂವರೆ ಇಂಚಿನ ಗೊಂಬೆಗೆ ನಾನು ಮಾಡಿದ ಲೆಕ್ಕ ಇದು. ಮೊದಲು ನಿಮ್ಮ ಮನೆಯ ಗೊಂಬೆಯ ಅಳತೆ ತೆಗೆದುಕೊಳ್ಳಿ.

ಪರಕಾರ: ಸೊಂಟದ ಸುತ್ತಳತೆಯ ಎರಡೂವರೆ ಪಟ್ಟು ಅಗಲ. ಉದ್ದಕ್ಕೆ ಸೊಂಟದಿಂದ ಪಾದದವರೆಗಿನ ಅಳತೆಗೆ 1 ಇಂಚು ಸೇರಿಸಿ. ಸೊಂಟ ಮೂರೂವರೆ, ಉದ್ದ 7 ಇಂಚು ಇದ್ದರೆ ಸುಮಾರು 9 ಇಂಚು ಅಗಲ, 8 ಇಂಚು ಉದ್ದದ ತುಂಡು ಸಾಕು. ಕೆಳಗೆ ಅರ್ಧ ಇಂಚು ಮಡಚಿ, ಮೇಲೆ ಅರ್ಧ ಇಂಚು ಮಡಚಿ ಸಣ್ಣ ಇಲಾಸ್ಟಿಕ್ ಪೋಣಿಸಿ, ಪಕ್ಕ ಕೂಡಿಸಿ.

ಪೋಲಕ: ಕಾಗದವನ್ನು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಮಡಚಿ. ಮೇಲಿನ ಮಡಿಕೆ ಭುಜ, ಪಕ್ಕದ ಮಡಿಕೆ ನಡುಗೆರೆ. ನಡುಗೆರೆಯಿಂದ ಎದೆಯಳತೆಯ ಕಾಲುಭಾಗ ಮತ್ತು ಅರ್ಧ ಇಂಚು ಗುರುತು ಮಾಡಿ. 5 ಇಂಚಿಗೆ ಇದು ಒಂದೂಮುಕ್ಕಾಲು ಇಂಚು. ತೋಳಿಗೆ ಅದೇ ಕಾಗದವನ್ನು ಭುಜದ ಗುಂಟ ಮುಂದೆ ಬಿಡಿ. ಇಂಗ್ಲಿಷಿನ ‘ಟಿ’ ಅಕ್ಷರದ ಹಾಗೆ ಕಾಣುತ್ತದೆ. ಕುತ್ತಿಗೆಯ ಮೂಲೆಯನ್ನು ಸ್ವಲ್ಪವೇ ಕತ್ತರಿಸಿ. ದೊಡ್ಡದು ಮಾಡಬಹುದು, ಚಿಕ್ಕದು ಮಾಡಲಾಗದು! ಗೊಂಬೆಯ ತಲೆ ದೊಡ್ಡದು, ಆದ್ದರಿಂದ ಹಿಂಭಾಗ ಪೂರ್ತಿ ತೆರೆದಿರಲಿ. ಅಂಚು ಮಡಚಿ, ಒಂದರ ಮೇಲೊಂದು ಬರುವಂತೆ ಪ್ರೆಸ್ ಬಟನ್ ಹಚ್ಚಿ. ಕತ್ತರಿಸಿದ ಕಾಗದವನ್ನು ಗುಂಡುಸೂಜಿಯಿಂದ ಗೊಂಬೆಗೆ ಸುತ್ತಿ ನೋಡಿದ ಮೇಲೇ ಬಟ್ಟೆಗೆ ಕೈ ಹಾಕಿ.

ನೆನಪಿರಲಿ:

* ತೆಳು ಹತ್ತಿ ಬಟ್ಟೆ ಒಳ್ಳೆಯದು. ಚಿಕ್ಕ ಚಿಕ್ಕ ಹೂವಿನದಾದರೆ ಇನ್ನೂ ಚೆಂದ. ದಪ್ಪ ಬಟ್ಟೆಯ ನೆರಿಗೆ ಗೊಂಬೆಗೆ ಕೂರುವುದಿಲ್ಲ.
* ಕಡುಬಣ್ಣದ ಬಟ್ಟೆಯನ್ನು ಮೊದಲು ತೊಳೆದು ನೋಡಿ. ಬಣ್ಣ ಬಿಟ್ಟರೆ ಗೊಂಬೆಯ ಮೈಗೆ ಕಲೆ ಹತ್ತುತ್ತದೆ.
* ಮಷೀನು ಸಣ್ಣ ತುಂಡನ್ನು ಒಳಗೆ ಎಳೆದುಕೊಂಡರೆ ಕೆಳಗೆ ಪೇಪರ್ ಇಟ್ಟು ಹೊಲಿಯಿರಿ. ಆಮೇಲೆ ಪೇಪರನ್ನು ಹರಿದು ತೆಗೆಯಬಹುದು.
* ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಗುಂಡಿ, ಮಣಿ ಬೇಡವೇ ಬೇಡ. ಬಾಯಿಗೆ ಹಾಕಿಕೊಂಡಾರು.
* ಪ್ಯಾಟರ್ನ್ ಮೇಲೆ ಗೊಂಬೆಯ ಅಳತೆ ಬರೆದು ಕವರಿನಲ್ಲಿಡಿ. ಮುಂದಿನ ಸಲಕ್ಕೆ ಆಗುತ್ತದೆ.

ನಾನು ಮೊದಲು ಹಳೇ ಲುಂಗಿಯಲ್ಲಿ ಹೊಲಿದು ನೋಡಿದೆ. ಸರಿ ಬಂದ ಮೇಲೇ ಅವ್ವನ ಸೀರೆಯ ಕೊನೆಯ ತುಂಡು ತೆಗೆದದ್ದು. ದಡಿ ಕೆಳಗೆ ಬರುವಂತೆ ಇಟ್ಟಿದ್ದರಿಂದ ಮಡಚುವ ಕೆಲಸವೂ ಉಳಿಯಿತು. ಪೋಲಕಕ್ಕೆ ಅತ್ತೆ ತಮ್ಮ ಕೌದಿ ಗಂಟಿನಿಂದ ಗುಳೇದಗುಡ್ಡದ ಖಣದ ಚೂರೊಂದನ್ನು ಕೊಟ್ಟರು. ಕಾಗದದ ಮೇಲೆ ಗೆರೆ ಎಳೆದವಳು ಮಗಳೇ. ‘ಇದು ಆಳಂದ ಅಜ್ಜಿ ಸೀರಿ, ಇದು ಅಫಜಲಪುರ ಅಜ್ಜಿ ಖಣ’ ಎಂದು ಓಣಿಯ ಮಕ್ಕಳಿಗೆಲ್ಲ ತೋರಿಸಿ ಬಂದಳು.

ನಿಮ್ಮ ಟ್ರಂಕಿನಲ್ಲೂ ಇಂಥ ತುಂಡೊಂದು ಇದ್ದೇ ಇರುತ್ತದೆ. ತೆಗೆಯಿರಿ, ಆದರೆ ಕತ್ತರಿಗಿಂತ ಮೊದಲು ಕಾಗದ ಹಿಡಿಯಿರಿ.