ಮೃತರ ಬಾಕಿ ಸಂಬಳ
ಮನೆಯ ಯಜಮಾನನು ತೀರಿಕೊಂಡಾಗ ಬಾಕಿ ಸಂಬಳದ ಮಾತೆತ್ತಲು ಮನೆಯವರಿಗೆ ಸಂಕೋಚ. ವೈಕುಂಠ ಸಮಾರಾಧನೆ ಮುಗಿಯಲಿ, ವರ್ಷಾಂತಿಕ ಕಳೆಯಲಿ ಎನ್ನುವಷ್ಟರಲ್ಲಿ ಕಾಲ ಸರಿದಿರುತ್ತದೆ. ಕಾನೂನಿಗೆ ಈ ದಾಕ್ಷಿಣ್ಯವಿಲ್ಲ. 1963ರ ಕಾಲಮಿತಿ ಕಾಯಿದೆಯಂತೆ ಸಂಬಳದ ಸಿವಿಲ್ ದಾವೆಗೆ ಅವಧಿ 3 ವರ್ಷ. ಅದೂ ಮರಣದ ದಿನದಿಂದಲ್ಲ, ಆಯಾ ತಿಂಗಳ ಸಂಬಳ ಸಲ್ಲಬೇಕಾಗಿದ್ದ ದಿನದಿಂದ. ಜನವರಿಯ ಬಾಕಿ ಕೈತಪ್ಪಿದ ಮೇಲೂ ಫೆಬ್ರವರಿಯದು ಉಳಿದಿರಬಹುದು! ಒಮ್ಮೆ ಓಡತೊಡಗಿದ ಅವಧಿ ಸಾವು ಸಂಭವಿಸಿತೆಂದು ನಿಲ್ಲದು, ಮಕ್ಕಳು ಎಳೆಯರೆಂದೂ ನಿಲ್ಲದು.

“ನಾಳೆ ಬನ್ನಿ, ಕೊಡೋಣ” ಎಂಬ ಧಣಿಯ ಬಾಯಿಮಾತು ನಂಬಿ ಅಲೆದ ವಿಧವೆಗೆ ಆ ಮಾತಿನಿಂದ ಒಂದು ದಿನವೂ ಹೆಚ್ಚು ದೊರೆಯದು. ಗಡುವಿನೊಳಗೆ ಬಾಕಿಯನ್ನೊಪ್ಪಿ ಧಣಿ ಸಹಿಮಾಡಿದ ಚೀಟಿಯಿದ್ದರೋ, ಸಹಿಯ ದಿನದಿಂದ ಹೊಸದಾಗಿ 3 ವರ್ಷ. ಉತ್ತರಾಧಿಕಾರ ಪ್ರಮಾಣಪತ್ರ ಬರಲೆಂದು ದಾವೆಯನ್ನು ತಡೆಹಿಡಿಯಬೇಕಾಗಿಲ್ಲ. ಡಿಕ್ರಿಯಾಗುವ ಮುನ್ನ ಅದನ್ನು ಹಾಜರುಪಡಿಸಿದರಾಯಿತು.