ಕೂಸಿಗೆ ಮುನ್ನ ಕುಲಾವಿ: ಅಂಗಡಿಯ ಜಾಲತಾಣವೂ ಅದರ ಪ್ರಚಾರವೂ

ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸುವವರನ್ನು ಕಂಡು ನಮ್ಮ ಹಿರಿಯರು ನಕ್ಕಿದ್ದಾರೆ. ಲೋಕದ ಬಹುಪಾಲು ವ್ಯವಹಾರಗಳಲ್ಲಿ ಆ ನಗೆ ಸರಿಯಾದದ್ದೇ. ಆದರೆ ಸಣ್ಣ ವ್ಯಾಪಾರಿಯೊಬ್ಬನು ತನ್ನ ಅಂಗಡಿಗೆ ಜಾಲತಾಣವನ್ನು ಕಟ್ಟಿಸಹೊರಟಾಗ ಮಾತ್ರ ಈ ಗಾದೆಯನ್ನು ತಲೆಕೆಳಗು ಮಾಡಬೇಕಾಗುತ್ತದೆ. ತಾಣವನ್ನು ಜನರಿಗೆ ಹೇಗೆ ತಿಳಿಸುವುದು ಎಂಬುದನ್ನು ಗೊತ್ತುಮಾಡಿಕೊಂಡ ಮೇಲೆಯೇ ತಾಣವನ್ನು ಕಟ್ಟತಕ್ಕದ್ದು. ಇದು ಹೇಗೆಂಬುದನ್ನು ನಮಗೆ ಹತ್ತಿರದ ಒಂದು ಊರಿನ ದೃಷ್ಟಾಂತದಿಂದಲೇ ನೋಡೋಣ.

ಬೆಂಗಳೂರಿನಿಂದ ಮೈಸೂರಿಗೆ ಹಳೆಯ ಹೆದ್ದಾರಿಯಲ್ಲಿ ಹೋದವರಿಗೆಲ್ಲ ಚನ್ನಪಟ್ಟಣದ ಬಣ್ಣದ ಆಟಿಕೆಗಳ ಅಂಗಡಿಸಾಲು ಪರಿಚಿತವೇ. ವಾಹನ ನಿಲ್ಲಿಸಿ, ಮಕ್ಕಳ ಹಟಕ್ಕೆ ಸೋತು, ಒಂದು ಬುಗುರಿಯನ್ನೋ ಕುದುರೆಯನ್ನೋ ಕೊಂಡು ಮುಂದೆ ಸಾಗುವುದು ವಾಡಿಕೆಯಾಗಿತ್ತು. 2023ರ ಮಾರ್ಚಿಯಲ್ಲಿ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಅದು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬಳಸಿಕೊಂಡು ಹೊರಗಿನಿಂದಲೇ ಹೋಗಿಬಿಡುತ್ತದೆ. ವ್ಯಾಪಾರ ಕುಸಿಯಿತೆಂದು ಅಂಗಡಿಯವರು ಹೇಳಿಕೊಂಡದ್ದನ್ನು ಆಗಿನ ಪತ್ರಿಕೆಗಳಲ್ಲಿ ಓದಿದ್ದೇವೆ. ಆಲೆಮರ ಅದೇ, ಅರಗಿನ ಬಣ್ಣ ಅದೇ, ಕುಶಲಕರ್ಮಿಯ ಕೈಯೂ ಅದೇ. ಬದಲಾದದ್ದು ದಾರಿ ಒಂದೇ.

ಜಾಲತಾಣವೆಂಬುದು ಹುಟ್ಟಿನಿಂದಲೇ ಹೆದ್ದಾರಿ ತಪ್ಪಿದ ಅಂಗಡಿ. ಅದರ ಮುಂದೆ ಯಾರೂ ಸುಮ್ಮನೆ ಹಾದುಹೋಗುವುದಿಲ್ಲ. ಆದುದರಿಂದ ಹೆದ್ದಾರಿಯಲ್ಲಿ ಕಳೆದುಕೊಂಡ ಗಿರಾಕಿಯನ್ನು ತಾಣದಲ್ಲಿ ಪಡೆಯುತ್ತೇನೆಂದು ಹೊರಟ ಆಟಿಕೆ ವ್ಯಾಪಾರಿಯು ಮೊದಲು ದಾರಿಯನ್ನು ಯೋಚಿಸಬೇಕು. ನಡೆಯುವುದಾದರೋ ಬೇರೆ. ತಾಣ ಕಟ್ಟುವವನನ್ನು ಕರೆಸಿ, ಬಣ್ಣ ಯಾವುದು, ಚಲಿಸುವ ಚಿತ್ರಗಳು ಎಷ್ಟು, ಮಾಲೀಕರ ಭಾವಚಿತ್ರ ಎಡಕ್ಕೋ ಬಲಕ್ಕೋ ಎಂದು ವಾರಗಟ್ಟಲೆ ಚರ್ಚಿಸುತ್ತಾರೆ. ಕೈಯಲ್ಲಿದ್ದ ಹಣವೆಲ್ಲ ಮುಗಿದ ಮೇಲೆ, 'ಇನ್ನು ಜನ ಬರುವುದು ಹೇಗೆ?' ಎಂಬ ಪ್ರಶ್ನೆ ಏಳುತ್ತದೆ.

ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡರೆ ತಾಣದ ಸ್ವರೂಪವೇ ಬೇರೆಯಾಗುವುದು. ಗಿರಾಕಿಯು ಗೂಗಲ್ಲಿನಲ್ಲಿ ಯಾವ ಮಾತುಗಳನ್ನು ಬರೆದು ಹುಡುಕಬಹುದು? ವ್ಯಾಪಾರಿಯ ಮನಸ್ಸಿನಲ್ಲಿರುವುದು 'ಅರಗು ಲೇಪಿಸಿದ ಕರಕುಶಲ ವಸ್ತು' ಎಂಬ ಮಾತು. ಆದರೆ ಪುಣೆಯಲ್ಲೋ ಹುಬ್ಬಳ್ಳಿಯಲ್ಲೋ ಇರುವ ತಾಯಿ ಹುಡುಕುವುದು ಹಲ್ಲು ಬರುತ್ತಿರುವ ಮಗುವಿಗೆ ಕಚ್ಚಲು ಕೊಡುವ ಮರದ ಆಟಿಕೆಯನ್ನು. ಇನ್ನೊಬ್ಬರಿಗೆ ದಸರೆಗೆ ಕೂರಿಸುವ ಗೊಂಬೆ ಬೇಕು. ಮತ್ತೊಬ್ಬರಿಗೆ ಹುಟ್ಟುಹಬ್ಬಕ್ಕೆ ಬಂದ ಇಪ್ಪತ್ತು ಮಕ್ಕಳಿಗೆ ಹಂಚುವ ಉಡುಗೊರೆ ಬೇಕು. ಶಿಶುವಿಹಾರದವರಿಗೆ ಎಣಿಕೆ ಕಲಿಸುವ ಮಣಿಚೌಕಟ್ಟು ಬೇಕು. ಇವರಲ್ಲಿ ಕನ್ನಡದಲ್ಲಿ ಬರೆಯುವವರೂ ಇಂಗ್ಲಿಷಿನಲ್ಲಿ ಬರೆಯುವವರೂ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರೂ ಉಂಟು. ಈ ಮಾತುಗಳನ್ನು ಊಹಿಸಿ ಬರೆಯುವುದಕ್ಕಿಂತ, ಅಂಗಡಿಗೆ ಬಂದವರು ಬಾಯಿಬಿಟ್ಟು ಕೇಳುವ ಪ್ರಶ್ನೆಗಳನ್ನು ಒಂದು ತಿಂಗಳ ಕಾಲ ಪುಸ್ತಕದಲ್ಲಿ ಗುರುತುಹಾಕಿಕೊಳ್ಳುವುದು ಮೇಲು. ಒಂದೊಂದು ಬೇಡಿಕೆಗೂ ಒಂದೊಂದು ಪುಟ ಬೇಕೆಂಬುದು ಆಗ ತಾನಾಗಿ ಹೊಳೆಯುತ್ತದೆ. ಪ್ರಚಾರದ ಯೋಚನೆಯಿಲ್ಲದೆ ಕಟ್ಟಿದ ತಾಣದಲ್ಲಾದರೆ ಎಲ್ಲ ಆಟಿಕೆಗಳನ್ನೂ ಒಂದೇ ಪುಟದಲ್ಲಿ ಸುರಿದು, ಹೆಸರು ಬೆಲೆಗಳನ್ನು ಚಿತ್ರದೊಳಗೇ ಬರೆದುಬಿಟ್ಟಿರುತ್ತಾರೆ. ಹುಡುಕುವ ಯಂತ್ರವು ಮುಖ್ಯವಾಗಿ ಓದುವುದು ಬರಹವನ್ನು. ಚಿತ್ರದೊಳಗಿನ ಅಕ್ಷರಗಳನ್ನು ನೆಚ್ಚಿ ಕೂರಲಾಗದು.

ಆ ಪುಸ್ತಕದಲ್ಲಿ ಒಂದು ಪ್ರಶ್ನೆ ಪದೇ ಪದೇ ಬರುವುದು ನಿಶ್ಚಯ: 'ಮಗು ಬಾಯಿಗಿಟ್ಟುಕೊಂಡರೆ ಬಣ್ಣದಿಂದ ತೊಂದರೆಯಿಲ್ಲವೇ?' ಇದಕ್ಕೆ ಉತ್ತರ ಹೇಳುವ ಪುಟವೇ ತಾಣದ ಅತ್ಯುತ್ತಮ ಪ್ರಚಾರ. ಯಾವ ಬಣ್ಣ, ಯಾವ ಅರಗು, ಪರೀಕ್ಷೆ ಮಾಡಿಸಿದ್ದಾರೆಯೇ ಎಂಬುದನ್ನು ಅಲ್ಲಿ ಹೇಳಬೇಕು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಬಿ.ಐ.ಎಸ್. ಗುರುತು ಕಡ್ಡಾಯವಾಗಿದೆ; ನೋಂದಾಯಿತ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗಳಿಗೂ, ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರ ಆಟಿಕೆಗಳಿಗೂ ವಿನಾಯಿತಿಯುಂಟು. ಚನ್ನಪಟ್ಟಣದ ಆಟಿಕೆಗೆ ಭೌಗೋಳಿಕ ಸೂಚಕ ದೊರೆತಿದೆಯೆಂಬುದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಊರಿಗೆ ದೊರೆತ ಮಾತ್ರಕ್ಕೆ ಊರಿನ ಪ್ರತಿಯೊಂದು ಅಂಗಡಿಯೂ ಅಧಿಕೃತ ಬಳಕೆದಾರನಾಗುವುದಿಲ್ಲ. ತಾನು ಯಾವ ವರ್ಗಕ್ಕೆ ಸೇರಿದವನೆಂಬುದನ್ನು ವ್ಯಾಪಾರಿಯು ತಾಣ ಕಟ್ಟುವ ಮುನ್ನವೇ ತಿಳಿದುಕೊಳ್ಳಬೇಕು.

ಹುಡುಕುವ ಯಂತ್ರದ ರೀತಿಯ ಬಗ್ಗೆ ಒಂದೆರಡು ಮಾತು. ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಎಂಬ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು 1998ರಲ್ಲಿ ಗೂಗಲ್ ಸಂಸ್ಥೆಯನ್ನು ಸ್ಥಾಪಿಸಿದಾಗ ಅವರ ಮುಖ್ಯ ವಿಚಾರ ಇದಾಗಿತ್ತು: ಒಂದು ಪುಟವನ್ನು ಬೇರೆ ಎಷ್ಟು ಪುಟಗಳು, ಎಂಥ ಪುಟಗಳು ಕೊಂಡಿಹಾಕಿ ತೋರಿಸುತ್ತವೆಯೋ ಅದರಿಂದ ಅದರ ಯೋಗ್ಯತೆಯನ್ನು ಅಳೆಯುವುದು. ಈಗ ಅಳತೆಗೋಲುಗಳು ಅನೇಕವಾಗಿವೆಯಾದರೂ ಕೊಂಡಿಗಳ ಬೆಲೆ ಪೂರ್ತಿ ಹೋಗಿಲ್ಲ. ತಾಣದ ಅಡಿಯಲ್ಲಿ ಗುಪ್ತವಾಗಿ ನೂರಾರು 'ಕೀವರ್ಡು'ಗಳನ್ನು ತುಂಬಿಸಿಕೊಡುತ್ತೇವೆಂದು ಹಣ ಕೇಳುವವರು ಇನ್ನೂ ಇದ್ದಾರೆ; ಅಂಥ ಗುಪ್ತಪಟ್ಟಿಯನ್ನು ತಾನು ಗಣನೆಗೆ ತೆಗೆದುಕೊಳ್ಳುವುದೇ ಇಲ್ಲವೆಂದು ಗೂಗಲ್ 2009ರಲ್ಲಿಯೇ ಪ್ರಕಟಿಸಿದೆ. ಹಣ ಕೊಟ್ಟು ಕೊಂಡಿಗಳನ್ನು ಕೊಳ್ಳುವುದಂತೂ ಅದರ ನಿಯಮಗಳಿಗೇ ವಿರುದ್ಧ. ನಮ್ಮ ವ್ಯಾಪಾರಿಗೆ ನ್ಯಾಯವಾದ ಕೊಂಡಿ ಯಾರಿಂದ ದೊರಕಬಹುದು? ಅವನಿಂದ ಆಟಿಕೆ ಕೊಳ್ಳುವ ಶಾಲೆಯಿಂದ, ಕರಕುಶಲ ಸಂಘದಿಂದ, ಪ್ರವಾಸದ ವಿಷಯ ಬರೆಯುವವರಿಂದ. ತಿರುಗಣೆಯ ಮೇಲೆ ಮರ ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಒತ್ತಿದರೆ ಬಿಸಿಗೆ ಕರಗಿ ಬಣ್ಣ ಹತ್ತುವುದನ್ನು ಚಿತ್ರಸಹಿತ ವಿವರಿಸುವ ಒಂದು ಪುಟವಿದ್ದರೆ ಅವರು ತೋರಿಸಿಯಾರು. ಬರಿಯ ಬೆಲೆಪಟ್ಟಿಯನ್ನು ಯಾರು ತೋರಿಸುತ್ತಾರೆ?

ಇನ್ನು ಹೆಸರು. 1994ರಲ್ಲಿ ಜೆಫ್ ಬೆಜೋಸ್ ತನ್ನ ಕಂಪನಿಗೆ ಮೊದಲು ಇಟ್ಟ ಹೆಸರು 'ಕಡಾಬ್ರ'. ದೂರವಾಣಿಯಲ್ಲಿ ಅದು ವಕೀಲನ ಕಿವಿಗೆ 'ಕಡ್ಯಾವರ್', ಎಂದರೆ ಹೆಣ, ಎಂದು ಕೇಳಿಸಿತಂತೆ! ಆ ಕಾಲದ ತಾಣಗಳ ಪಟ್ಟಿಗಳು ಅಕಾರಾದಿಯಾಗಿದ್ದುದರಿಂದ, ಮೊದಲ ಸಾಲಿನಲ್ಲಿಯೇ ಕಾಣಿಸುವ 'ಅಮೆಜಾನ್' ಎಂಬ ಹೆಸರು ಆತನಿಗೆ ಹಿಡಿಸಿತು. ತಾಣ ಸಾರ್ವಜನಿಕರಿಗೆ ತೆರೆದದ್ದು 1995ರ ಜುಲೈಯಲ್ಲಿ; ಜನರ ಕಣ್ಣಿಗೆ ಬೀಳುವ ಬಗೆಯ ವಿಚಾರ ಅದಕ್ಕೂ ಮುಂಚೆಯೇ ನಡೆದಿತ್ತು. 'ಚನ್ನಪಟ್ಟಣ' ಎಂಬುದನ್ನೇ ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯಾಗಿ ಬರೆಯುವವರಿದ್ದಾರೆ. ವಿಳಾಸವನ್ನು ಗೆಳೆಯನಿಗೆ ಫೋನಿನಲ್ಲಿ ಹೇಳಿ, ಅವನು ತಪ್ಪಿಲ್ಲದೆ ಬರೆದುಕೊಂಡರೆ ಆ ಹೆಸರು ಪಾಸು. ಮತ್ತು ಅದನ್ನು ವ್ಯಾಪಾರಿಯ ಹೆಸರಿನಲ್ಲಿಯೇ ನೋಂದಾಯಿಸಬೇಕು, ತಾಣ ಕಟ್ಟುವವನ ಹೆಸರಿನಲ್ಲಲ್ಲ. ನಾಳೆ ಇಬ್ಬರಿಗೂ ಮನಸ್ತಾಪವಾದರೆ ಅಂಗಡಿಯ ಬೀಗದ ಕೈ ಅವನ ಬಳಿಯೇ ಉಳಿದೀತು.

ಯಂತ್ರವನ್ನು ಬಿಟ್ಟು ಬೇರೆ ದಾರಿಗಳೂ ಉಂಟು, ಅವು ಅಗ್ಗವೂ ಹೌದು. ಜಪಾನಿನ ಡೆನ್ಸೊ ವೇವ್ ಸಂಸ್ಥೆಯವರು 1994ರಲ್ಲಿ ವಾಹನಗಳ ಬಿಡಿಭಾಗಗಳ ಲೆಕ್ಕಕ್ಕೆಂದು ರೂಪಿಸಿದ ಕ್ಯೂಆರ್ ಕೋಡ್ ಇಂದು ಎಳನೀರಿನ ಗಾಡಿಯ ಮೇಲೂ ಇದೆ. ಹಣ ಪಡೆಯಲು ಒಂದನ್ನು ಅಂಟಿಸಿದವನು ತಾಣಕ್ಕೆ ಕರೆದೊಯ್ಯುವ ಇನ್ನೊಂದನ್ನು ಆಟಿಕೆಯ ಪೆಟ್ಟಿಗೆಯೊಳಗೆ ಏಕೆ ಇಡಬಾರದು? ಪೆಟ್ಟಿಗೆ ತೆರೆದವರಿಗೆ ಅದರಿಂದ ಅದೇ ಜೋಡಿಯ ಉಳಿದ ಗೊಂಬೆಗಳ ಪುಟ ಸಿಗಬೇಕೆಂದರೆ, ಅಂಥ ಪುಟವೊಂದು ಬೇಕೆಂದು ಕಟ್ಟುವವನಿಗೆ ಮೊದಲೇ ಹೇಳಿರಬೇಕು. ಗೂಗಲ್ ನಕ್ಷೆಯಲ್ಲಿ ಅಂಗಡಿಯನ್ನು ಗುರುತಿಸಲು ಶುಲ್ಕವಿಲ್ಲ. ತಾಣ ಸಿದ್ಧವಾಗುವ ತನಕ ಕಾಯಬೇಕಾಗಿಯೂ ಇಲ್ಲ.

ಹೊಸ ತಾಣವು ಹುಡುಕುವವರ ಕಣ್ಣಿಗೆ ಬೀಳಲು ಕೆಲವು ತಿಂಗಳುಗಳೇ ಹಿಡಿಯಬಹುದು. ದಸರೆಯ ಗೊಂಬೆಗಳ ಪುಟವನ್ನು ಮಹಾಲಯ ಅಮಾವಾಸ್ಯೆಯ ದಿನ ತೆರೆದರೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ. ಬೇಸಿಗೆ ಮುಗಿಯುವುದರೊಳಗಾಗಿ ಅದು ಸಿದ್ಧವಿರಬೇಕು. ಹಣದ ವಿಷಯವೂ ಹೀಗೆಯೇ. ನನ್ನ ಅಭಿಪ್ರಾಯದಲ್ಲಿ ಇದ್ದ ಹಣದ ಅರ್ಧವನ್ನಾದರೂ ಮೊದಲೇ ಪ್ರಚಾರಕ್ಕೆಂದು ತೆಗೆದಿಟ್ಟು, ಉಳಿದುದರಲ್ಲಿ ಎಷ್ಟು ತಾಣ ಆಗುವುದೋ ಅಷ್ಟನ್ನು ಕಟ್ಟಿಸುವುದು ವಿವೇಕ.

ಆದರೆ ಪ್ರಚಾರದ ಯೋಜನೆಯನ್ನು ಮೊದಲು ಮಾಡುವುದು ಬೇರೆ, ಪ್ರಚಾರವನ್ನೇ ಮೊದಲು ಮಾಡಿಬಿಡುವುದು ಬೇರೆ. ಲಂಡನ್ನಿನ 'ಬೂ ಡಾಟ್ ಕಾಮ್' ಎಂಬ ಉಡುಪುಗಳ ತಾಣವು ತೆರೆಯುವುದಕ್ಕೆ ಬಹಳ ಮುಂಚಿತವಾಗಿಯೇ ದೊಡ್ಡ ಸದ್ದು ಮಾಡಿತು. ಹೇಳಿದ ಕಾಲಕ್ಕೆ ತೆರೆಯಲಾಗಲಿಲ್ಲ. ಕೊನೆಗೆ 1999ರ ನವೆಂಬರಿನಲ್ಲಿ ತೆರೆದಾಗ ಅದು ಅಂದಿನ ನಿಧಾನ ಸಂಪರ್ಕಗಳು ಹೊರಲಾರದಷ್ಟು ಭಾರವಾಗಿತ್ತು; 2000ದ ಮೇ ತಿಂಗಳಲ್ಲಿ ದಿವಾಳಿಯಾಯಿತು. ನಮ್ಮ ವ್ಯಾಪಾರಿಗೆ ಅಷ್ಟು ದೊಡ್ಡ ಸದ್ದು ಮಾಡುವ ಶಕ್ತಿಯಿಲ್ಲದಿರುವುದೇ ಒಂದು ಭಾಗ್ಯ. ಆದರೂ ದಸರೆಯ ಪುಟ ಫಲಿಸಿ ಒಮ್ಮೆಲೇ ಐನೂರು ಜೋಡಿ ಗೊಂಬೆಗಳಿಗೆ ಬೇಡಿಕೆ ಬಂದರೆ ಹಸಿ ಮರವನ್ನು ತಿರುಗಣೆಗೆ ಏರಿಸುವಂತಿಲ್ಲ. ಅದು ಒಣಗಲು ತಿಂಗಳುಗಳು ಬೇಕು. ಹೀಗಿರುವಲ್ಲಿ ಯೋಜನೆಯ ಹಾಳೆಯಲ್ಲಿ ತಾಣ ಕಟ್ಟುವವನ ಹೆಸರಿಗಿಂತ ಮೇಲೆ, ಮರ ಕೊಳ್ಳುವ ತಿಂಗಳನ್ನು ಬರೆದುಕೊಳ್ಳುವುದು ಒಳ್ಳೆಯದು.