ಬೇಸಾಯದ ಬಿಡುವಿನಲ್ಲಿ ಮಣಿಯ ಜಡೆಕುಚ್ಚು: ಒಂದು ಗೃಹಕೈಗಾರಿಕೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಬೇಸಾಯವು ಬಹುಮಟ್ಟಿಗೆ ಮಳೆಯನ್ನೇ ನಂಬಿರುವುದೆಂಬುದು ಎಲ್ಲರಿಗೂ ತಿಳಿದ ವಿಷಯವೇ ಆಗಿದೆ. ವೇದಾವತಿಗೆ ಕಟ್ಟಿರುವ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ತರುವಾಯ ಪುನಃ ಕೋಡಿ ಬಿದ್ದುದು 89 ವರ್ಷಗಳ ಮೇಲೆ, 2022ರಲ್ಲಿ. ಇಂತಹ ಸೀಮೆಯಲ್ಲಿ ರಾಗಿ, ಶೇಂಗಾ, ಮೆಕ್ಕೆಜೋಳಗಳ ಒಕ್ಕಣೆ ಮುಗಿದ ಮೇಲೆ ಮುಂಗಾರಿನ ಬಿತ್ತನೆಯವರೆಗೆ ಕುಷ್ಕಿ ಹಿಡುವಳಿದಾರರ ಮನೆಗಳಲ್ಲಿ ಕೈಗೆ ಕೆಲಸವಿರುವುದಿಲ್ಲ. ಈ ಬಿಡುವಿನಲ್ಲಿ ಮನೆಯ ಹೆಂಗಸರು ಅಲ್ಪ ಬಂಡವಾಳದಿಂದ ನಡೆಯಿಸಬಹುದಾದ ಒಂದು ಉಪಕಸುಬನ್ನು ಗ್ರಾಮದ ಹಿರಿಯರ ಮತ್ತು ಭೂಮಾಲೀಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಮಣಿಯ ಕೆಲಸವು ಈ ಪ್ರಾಂತಕ್ಕೆ ಹೊಸದಲ್ಲ. ಚಿತ್ರದುರ್ಗದ ಮಗ್ಗುಲಲ್ಲಿರುವ ಚಂದ್ರವಳ್ಳಿಯಲ್ಲಿಯೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ 1947ರಲ್ಲಿ ನಡೆದ ಉತ್ಖನನಗಳಲ್ಲಿ ಪ್ರಾಚೀನ ಕಾಲದ ಮಣಿಗಳು ದೊರೆತಿವೆ. ನಮ್ಮ ತಾಂಡಾಗಳ ಲಂಬಾಣಿ ಹೆಂಗಸರು ಕವಡೆ, ಕನ್ನಡಿ, ಮಣಿಗಳಿಂದ ಉಡುಪನ್ನು ಅಲಂಕರಿಸುವುದನ್ನೂ, ಕೆನ್ನೆಯ ಇಕ್ಕೆಲಗಳಲ್ಲಿ ಕೂದಲಿಗೆ ಕಟ್ಟುವ ಘುಗರಿ ಟೋಪಲಿಗಳನ್ನೂ ನಾವು ಸಂತೆಗಳಲ್ಲಿ ಕಂಡೇ ಇದ್ದೇವೆ. ನೆರೆಯ ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಈ ಕಸೂತಿಯು ಸಂಘಟಿತ ಉದ್ಯಮವಾಗಿ ಬೆಳೆದು ಭೌಗೋಳಿಕ ಸೂಚಿಕೆಯನ್ನು ಪಡೆದಿದೆ. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಭೆಯ ಸಂದರ್ಭದಲ್ಲಿ ಅಲ್ಲಿನ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1,755 ಕಸೂತಿ ತುಂಡುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ಹೊಲ ಗದ್ದೆಗಳಲ್ಲಿ ದುಡಿಯುವ ಕೈಗಳೇ ಈ ಕೆಲಸವನ್ನೂ ಮಾಡಬಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೇಕಾಗುವ ಸಾಮಾನುಗಳು.— ಜಡೆಯ ತುದಿಗೆ ಕಟ್ಟುವ ಮೂರು ಗೊಂಡೆಗಳ ಕುಚ್ಚು ಕಲಿಯುವವರಿಗೆ ಸುಲಭವಾದುದು. ಇದಕ್ಕೆ ಕಪ್ಪು ಹತ್ತಿಯ ನೂಲು, ಸಣ್ಣ ಕಣ್ಣಿನ ತೆಳು ಸೂಜಿ, ಗಟ್ಟಿಯಾದ ನೈಲಾನ್ ದಾರ ಮತ್ತು 11ನೇ ಅಳತೆಯ ಗಾಜಿನ ಮಣಿ, ಇಷ್ಟೇ ಸಾಕು. ಈ ಅಳತೆಯ ಮಣಿಯು ಸುಮಾರು 2 ಮಿಲ್ಲಿಮೀಟರ್ ದಪ್ಪವಿದ್ದು, ಪೋಣಿಸಿದಾಗ ಅಂಗುಲಕ್ಕೆ ಸುಮಾರು 18 ಮಣಿಗಳು ಬರುತ್ತವೆ. ಹೊಸದುರ್ಗ, ಹಿರಿಯೂರುಗಳ ತೆಂಗಿನ ತೋಟಗಳವರು ಕರಟವನ್ನು ಬಿಲ್ಲೆಗಳಾಗಿ ಕತ್ತರಿಸಿ, ರಂಧ್ರ ಕೊರೆದು, ಮರಳುಕಾಗದದಿಂದ ನುಣುಪು ಮಾಡಿ ಗಾಜಿನ ಮಣಿಗಳ ನಡುವೆ ಸೇರಿಸಬಹುದು.

ಮಾಡುವ ಕ್ರಮ.— (1) ಒಂದು ಅಡಿ ಉದ್ದದ ನೂಲಿನ ಎಳೆಗಳ ಕಟ್ಟನ್ನು ನಡುವೆ ಮಡಿಸಿ, ಮಡಿಕೆಯಲ್ಲಿ ಕಟ್ಟುವ ದಾರವನ್ನು ತೂರಿಸಿ, ಅರ್ಧ ಅಂಗುಲ ಕೆಳಗೆ ಬಿಗಿಯಾಗಿ ಸುತ್ತಬೇಕು. ಇದೇ ಗೊಂಡೆಯ ತಲೆ. (2) ತಲೆಯ ಸುತ್ತಳತೆ ಒಂದೂವರೆ ಅಂಗುಲವಿದ್ದರೆ 27 ಮಣಿಗಳನ್ನು ಪೋಣಿಸಿ ಸುತ್ತಿ, ಸೂಜಿಯನ್ನು ಮೊದಲಿನ ಎರಡು ಮಣಿಗಳೊಳಗೆ ಪುನಃ ಹಾಯಿಸಬೇಕು. (3) ಸುತ್ತು ಮುಗಿದ ಬಳಿಕ ಸೂಜಿಯನ್ನು ಗೊಂಡೆಯ ತಲೆಯ ಮೂಲಕ ಒಮ್ಮೆ ಆಚೆಗೆ ತೆಗೆದು ಮುಂದಿನ ಸುತ್ತನ್ನು ಆರಂಭಿಸತಕ್ಕದ್ದು. ಹೀಗೆ ಮಾಡದಿದ್ದರೆ ಒಂದು ದಾರ ಹರಿದಾಗ ಐದು ಸುತ್ತೂ ಉದುರುತ್ತವೆ. (4) ಮೂರು ಗೊಂಡೆಗಳ ದಾರಗಳನ್ನು ಒಟ್ಟಿಗೆ ಹೆಣೆದು, ತುದಿಗಳನ್ನು ಸಮನಾಗಿ ಕತ್ತರಿಸಬೇಕು.

ಎಚ್ಚರಿಕೆಗಳು.— ಬೇಲಿಯಲ್ಲಿ ಬಿಟ್ಟಿಯಾಗಿ ದೊರೆಯುವುದೆಂದು ಗುಲಗಂಜಿಯನ್ನಾಗಲಿ ಹರಳುಬೀಜವನ್ನಾಗಲಿ ಎಂದಿಗೂ ಪೋಣಿಸಕೂಡದು. ಇವೆರಡರಲ್ಲಿಯೂ ಪ್ರಾಣಾಪಾಯಕರವಾದ ವಿಷವುಂಟು. ಸಿಪ್ಪೆ ಗಟ್ಟಿಯಾಗಿರುವವರೆಗೆ ಅದು ಒಳಗಿದ್ದರೂ, ರಂಧ್ರ ಕೊರೆದ ಬೀಜವನ್ನು ಮಗುವು ಬಾಯಿಗೆ ಹಾಕಿಕೊಂಡರೆ ಕೇಡು ತಪ್ಪದು. ಗಾಜಿನ ಮಣಿಗಳನ್ನೂ ಕೂಸುಗಳ ಕೈಗೆ ಸಿಕ್ಕದಂತೆ ಮುಚ್ಚಳದ ಡಬ್ಬಿಯಲ್ಲಿಡತಕ್ಕದ್ದು.

ಹೊಸದುರ್ಗದ ಕಡೆಯ ಒಂದು ಗ್ರಾಮದಲ್ಲಿ ಈ ಲೇಖಕನು ಕಂಡ ಸಂಗತಿಯೊಂದನ್ನು ಇಲ್ಲಿ ಹೇಳುವುದು ಯುಕ್ತ. ನಾಲ್ಕು ಮನೆಗಳವರು ಸಾಲ ಮಾಡಿ ಅಗ್ಗದ ಬಣ್ಣದ ಮಣಿಗಳನ್ನು ಒಟ್ಟಿಗೆ ಕೊಂಡು ಕುಚ್ಚುಗಳನ್ನು ಮಾಡಿದರು. ಕೊಂಡವರ ಮೊದಲ ಎಣ್ಣೆನೀರಿಗೇ ಬಣ್ಣವೆಲ್ಲ ಬಿಟ್ಟು, ಸರಕು ಹಿಂದಿರುಗಿತು. ಸಾಲ ಮಾತ್ರ ಉಳಿಯಿತು. ಹತ್ತು ಮಣಿಗಳನ್ನು ಬಿಳಿಯ ಬಟ್ಟೆಯಲ್ಲಿ ಕಟ್ಟಿ ಸಾಬೂನಿನ ನೀರಿನಲ್ಲಿ ಒಂದು ರಾತ್ರಿ ನೆನೆಯಿಟ್ಟು ನೋಡಿದ್ದರೆ ಈ ನಷ್ಟವು ತಪ್ಪುತ್ತಿತ್ತು. ಬಿತ್ತನೆಬೀಜದ ಮೊಳಕೆಯನ್ನು ಪರೀಕ್ಷಿಸದೆ ಬಿತ್ತುವುದೂ ಇದೂ ಒಂದೇ.

ಲೆಕ್ಕ.— ಒಂದು ಸುತ್ತಿಗೆ 27ರಂತೆ ಐದು ಸುತ್ತಿಗೆ 135, ಮೂರು ಗೊಂಡೆಗಳಿಗೆ 405 ಮಣಿಗಳಾದುವು. ಗ್ರಾಮಿಗೆ ಸುಮಾರು 110 ಮಣಿಗಳು ಬರುವುದರಿಂದ, ಒಡಕು ಸೇರಿದರೂ 5 ಗ್ರಾಮ್ ಸಾಕು. ಆದುದರಿಂದ ಕುಚ್ಚಿನ ಬೆಲೆಯಲ್ಲಿ ಹೆಚ್ಚಿನ ಭಾಗವು ಮಣಿಯದಲ್ಲ, ದುಡಿಮೆಯದು. ಒಂದು ಕುಚ್ಚಿಗೆ ಎರಡು ಗಂಟೆ ಹಿಡಿದರೆ ಎಂಟು ಗಂಟೆಗೆ ನಾಲ್ಕು ಆಗುತ್ತವೆ. ಊರಿನ ದಿನಗೂಲಿಯ ನಾಲ್ಕನೆಯ ಒಂದು ಭಾಗವು ಪ್ರತಿಯೊಂದು ಕುಚ್ಚಿನ ಬೆಲೆಯಲ್ಲಿಯೂ ಸೇರಿರಲೇಬೇಕು. ಮಣಿಯನ್ನು ತಾನೇ ಕೊಟ್ಟು ಬಿಡಿಗೆ ಇಷ್ಟೆಂದು ತೆಗೆದುಕೊಳ್ಳುವ ದಲ್ಲಾಳಿಯ ಮಾತಿಗೆ ಒಪ್ಪುವ ಮೊದಲು ಈ ಲೆಕ್ಕವನ್ನು ಮಾಡತಕ್ಕದ್ದು. ಹೊಲದಲ್ಲಿ ಒಪ್ಪದ ಕೂಲಿಯನ್ನು ಮನೆಯ ಜಗಲಿಯಲ್ಲಿ ಏಕೆ ಒಪ್ಪಬೇಕು?

ಹಿರಿಯರು ಮಾಡಬಹುದಾದುದು.— ಸಂಜೀವಿನಿ ಸ್ವಸಹಾಯ ಸಂಘಗಳ ಮೂಲಕ ಮಣಿಯನ್ನು ಒಟ್ಟಾಗಿ ಕೊಳ್ಳುವಂತೆ ಪ್ರೋತ್ಸಾಹಿಸಬೇಕು. ಬೆಳಕಿರುವ ಒಂದು ಕೊಠಡಿಯನ್ನು ಮಧ್ಯಾಹ್ನದ ವೇಳೆ ಬಿಟ್ಟುಕೊಡಬೇಕು. ಮಂದ ಬೆಳಕಿನಲ್ಲಿ ಈ ಕೆಲಸ ಕಣ್ಣಿಗೆ ಕಷ್ಟ. ತಾಂಡಾದ ನುರಿತ ಹೆಂಗಸರನ್ನು ಕಲಿಸುವುದಕ್ಕೆ ಕರೆದರೆ ಅವರಿಗೆ ಗೌರವದೊಡನೆ ಸಂಬಳವನ್ನೂ ಕೊಡಬೇಕು. ಇಲ್ಲಿ ಮಾಡಿದ ಸರಕನ್ನು ಸಂಡೂರಿನ ಹೆಸರಿನಲ್ಲಿ ಮಾರಲಾಗದು. ನಮ್ಮ ಊರಿನ ಹೆಸರನ್ನೇ ಇಟ್ಟು, ಆ ಹೆಸರು ಕೆಡದಂತೆ ನೋಡಿಕೊಳ್ಳಬೇಕು.

ಈ ಕಸುಬು ಬೇಸಾಯಕ್ಕೆ ಬದಲಲ್ಲ. ಮಳೆ ತಪ್ಪಿದ ವರ್ಷ ಸಂತೆಯ ಖರ್ಚನ್ನು ತೂಗಿಸುವ ಒಂದು ಊರೆಗೋಲು ಮಾತ್ರ. ಬಂದ ಹಣವು ದುಡಿದ ಹೆಂಗಸಿನ ಹೆಸರಿನ ಉಳಿತಾಯದ ಖಾತೆಯಲ್ಲಿಯೇ ಉಳಿಯುವಂತೆ ಮನೆಯ ಯಜಮಾನರು ನೋಡಿಕೊಂಡರೆ, ಬಿತ್ತನೆಯ ಕಾಲಕ್ಕೆ ಬೀಜಕ್ಕಾಗಿ ಸಾಲಗಾರನ ಬಾಗಿಲಿಗೆ ಹೋಗುವ ಪ್ರಸಂಗವು ಅಷ್ಟರಮಟ್ಟಿಗೆ ತಪ್ಪುವುದು.